ಕೂದಲೆಳೆ ಅತ್ತಿಗೆಯ ಜೋಡಿ ಬ್ಲೇಡು

ನಮ್ಮ ಅತ್ತಿಗೆಗೆ ಬೀದಿಯವರು ಇಟ್ಟ ಹೆಸರು ಕೂದಲೆಳೆ. ನಮ್ಮದು ಫೋಟೋಗಳಿಗೆ ಫ್ರೇಮು ಕಟ್ಟುವ ಅಂಗಡಿ. ಅವಳು ಪ್ರತಿ ಫ್ರೇಮಿನ ನಾಲ್ಕು ಮೂಲೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಕೂದಲೆಳೆಯಷ್ಟು ಬೆಳಕು ತೂರಿದ್ರೂ ಇದು ಹೊರಗೆ ಹೋಗಲ್ಲ" ಅನ್ನುತ್ತಾಳೆ. ಕಾಲೆಳೆಯಲೆಂದು ಜನ ಇಟ್ಟ ಹೆಸರು ಅದು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ, ಹೌದು ನಾನೇ ಕೂದಲೆಳೆ ಎಂದು ಓಗೊಟ್ಟಳು. ನಾನು ಅವಳ ನಾದಿನಿ, ಅದೇ ಅಂಗಡಿಯಲ್ಲಿ ಗಾಜು ಕತ್ತರಿಸುತ್ತೇನೆ. ನಾದಿನಿ ಅತ್ತಿಗೆಯನ್ನು ಹೊಗಳಿದರೆ ಯಾರೂ ನಂಬುವುದಿಲ್ಲ. ನಂಬದವರು ನಂಬದೇ ಇರಲಿ.

ಹಿಂದಿನ ಕೋಣೆಯಲ್ಲಿ ಅಪ್ಪನ ಕಾಲದ ಮೂಲೆ ಕತ್ತರಿಸುವ ಯಂತ್ರ ಇದೆ. ಮೇಲೆ ಒಂದರ ಪಕ್ಕ ಒಂದು ಓರೆಯಾಗಿ ಕೂತ ಎರಡು ಅಗಲ ಬ್ಲೇಡು, ಕೆಳಗೆ ಪೆಡಲು. ತುಳಿದರೆ ಎರಡೂ ಬ್ಲೇಡು ಒಟ್ಟಿಗೆ ಇಳಿದು ಮರದ ಪಟ್ಟಿಯಿಂದ ಒಂದು ಮುಕ್ಕೋನದ ಚೂರನ್ನು ಹಾರಿಸುತ್ತವೆ. ಎರಡೂ ಕಡೆ ನಲವತ್ತೈದು ಡಿಗ್ರಿಯ ಓರೆ ಉಳಿಯುತ್ತದೆ. ಅಂಥ ಎರಡು ಓರೆ ಕೂಡಿದರೆ ಒಂದು ಮೂಲೆ. ಎರಡು ವರ್ಷದ ಹಿಂದೆ ಅಣ್ಣನ ಮಂಡಿ ಕೈಕೊಟ್ಟಾಗ ಅತ್ತಿಗೆ ಪೆಡಲಿಗೆ ಕಾಲಿಟ್ಟಳು. "ಹೆಂಗಸಿನ ಕಾಲಿಗೆ ಅದು ಬಗ್ಗುತ್ತಾ?" ಎಂದು ಕೇಳಿದವರಿಗೆ, "ಪೆಡಲನ್ನೇ ಕೇಳಿ" ಎಂದಳು. ಪ್ರತಿ ಸೋಮವಾರ ಸಂದಿಯ ಹೊಟ್ಟು ಕೆರೆದು, ಜಾರುವ ಕಡೆ ಎರಡೇ ಹನಿ ಎಣ್ಣೆ ಬಿಟ್ಟು, ಬೋಲ್ಟು ಬಿಗಿ ಮಾಡಿಯೇ ಅವಳು ಕೆಲಸ ಶುರು ಮಾಡುವುದು.

ಹೀಗಿರುವಾಗ ಫೋಟೋ ಸ್ಟುಡಿಯೋಗೆ ಕೊಟ್ಟ ಹನ್ನೆರಡು ಫ್ರೇಮು ವಾಪಸು ಬಂದವು. ಎಲ್ಲದರ ಮೂಲೆಯೂ ಬಾಯಿ ಬಿಟ್ಟಿತ್ತು. ಅವಸರದ ಕೆಲಸವೆಂದು ಅವತ್ತು ಕಿಟಕಿಗೆ ಹಿಡಿಯದೆ ಕಳಿಸಿದವನು ನಮ್ಮಣ್ಣ. ಈಗ ಅವನೇ ಮೇಣದ ಡಬ್ಬಿ ತಂದಿಟ್ಟ.

"ಸಂದಿಗೆ ಇದನ್ನ ತುಂಬಿ, ಮೇಲೆ ಬಣ್ಣ ಹಚ್ಚಿ ಕಳಿಸು."

"ಮೇಣ ತುಂಬಿದ ಮೂಲೆ ಸುಳ್ಳು ಹೇಳಿದ ಹಾಗೆ. ನಾನು ತುಂಬಲ್ಲ," ಎಂದು ಅತ್ತಿಗೆ ಕಡ್ಡಿ ಮುರಿದಂತೆ ಹೇಳಿದಳು.

ಅಣ್ಣನಿಗೆ ಸಿಟ್ಟು ನೆತ್ತಿಗೇರಿತು. "ಹಾಗಾದ್ರೆ ಯಂತ್ರಾನೇ ಬೇಡ. ಅದಕ್ಕೂ ವಯಸ್ಸಾಯ್ತು. ಶನಿವಾರ ಗುಜರಿಯವನಿಗೆ ಬರೋಕೆ ಹೇಳ್ತೀನಿ. ಇನ್ಮೇಲೆ ರೆಡಿ ಫ್ರೇಮು ತರಿಸೋಣ. ನೀನು ಗಾಜು ಒರೆಸಿ ಕೂರಿಸು, ಸಾಕು."

ಆ 'ಸಾಕು' ಕೇಳಿ ನನ್ನ ಮೈಯೇ ಉರಿಯಿತು. ಅವಳಿಗೆ ಹೇಗಾಗಿರಬೇಡ. ಕೈಯಲ್ಲಿ ಕಸುಬು ಇದ್ದವಳನ್ನು ಬಟ್ಟೆ ಹಿಡಿದು ಒರೆಸಲು ಕೂರಿಸುವುದೆಂದರೆ ಏನರ್ಥ? ಅವಳು ಮಾತ್ರ ಸೊಪ್ಪು ಹಾಕಲಿಲ್ಲ. ಸ್ಪ್ಯಾನರ್ ತೆಗೆದುಕೊಂಡು ಒಳಗೆ ಹೋದಳು.

ಗುರುವಾರವೆಲ್ಲ, ಪಟ್ಟಿಯನ್ನು ಒರಗಿಸುವ ಎರಡು ಕಬ್ಬಿಣದ ಆನಿಕೆಗಳನ್ನು ಸಡಿಲಿಸಿ, ಮೂಲೆಮಟ್ಟ ಇಟ್ಟು ಹೊಂದಿಸಿ, ಕತ್ತರಿಸಿ ನೋಡಿದಳು. ಮೂಲೆ ಕೂಡಲಿಲ್ಲ. ಮತ್ತೆ ಹೊಂದಿಸಿದಳು. ಕೂಡಲಿಲ್ಲ. ಬಾಗಿಲಲ್ಲಿ ನಿಂತ ಅಣ್ಣ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದ.

"ನೆಲ ಡೊಂಕಿದೆಯಾ ಅಂತಾನೇ ನೋಡ್ತಾ ಇದೀನಿ. ಬೆಳಕಿಗೆ ಅಡ್ಡ ನಿಲ್ಬೇಡಿ ರೀ."

ಶುಕ್ರವಾರ ಅವಳು ಪೆಡಲನ್ನು ನಿಧಾನವಾಗಿ ಒತ್ತಿ, ಕಣ್ಣನ್ನು ಪಟ್ಟಿಯ ಮಟ್ಟಕ್ಕೆ ಇಳಿಸಿ ನೋಡಿದಳು. ಎಡದ ಬ್ಲೇಡು ಮೊದಲು ತಾಗಿತು. ತಾಗಿದ್ದೇ ಪಟ್ಟಿಯನ್ನು ಬಲಕ್ಕೆ ನೂಕಿತು. ಬಲದ್ದು ಆಮೇಲೆ ಬಂತು. ಅವಳು ಎರಡೂ ಬ್ಲೇಡು ಬಿಚ್ಚಿ ನನ್ನ ಗಾಜಿನ ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿದಳು. ಒಂದು ಇನ್ನೊಂದಕ್ಕಿಂತ ಉಗುರಿನ ದಪ್ಪದಷ್ಟು ಕುಳ್ಳು.

ನಮ್ಮಲ್ಲಿ ಎರಡು ಜೋಡಿ ಬ್ಲೇಡು ಇವೆ, ಒಂದು ಹಳೆಯದು, ಒಂದು ಹೊಸದು. ಸಾಣೆ ಹಿಡಿದಷ್ಟೂ ಬ್ಲೇಡು ಸವೆಯುತ್ತದೆ. ಅದಕ್ಕೇ ಜೋಡಿಯನ್ನು ಒಟ್ಟಿಗೇ ಸಾಣೆ ಹಿಡಿಸಬೇಕು, ಒಟ್ಟಿಗೇ ಕೂರಿಸಬೇಕು. ಗುರುತಿಗೆಂದು ಅತ್ತಿಗೆ ಹಳೆಯ ಜೋಡಿಗೆ ಉಗುರು ಬಣ್ಣದ ಚುಕ್ಕಿ ಇಟ್ಟಿದ್ದಳು. ಸ್ಟುಡಿಯೋ ಕೆಲಸಕ್ಕೆ ಮೊದಲು ನಾಲ್ಕನ್ನೂ ಸಾಣೆಗೆ ಕೊಟ್ಟಿದ್ದೆವು. ಸಾಣೆಯವನು ಪಾಪ ಚೊಕ್ಕ ಮನುಷ್ಯ, ಎಲ್ಲವನ್ನೂ ಥಿನ್ನರ್ ಹಾಕಿ ಒರೆಸಿ ಕೊಟ್ಟಿದ್ದ. ಚುಕ್ಕಿ ಹೋಗಿತ್ತು, ಜೋಡಿ ಬೆರೆತಿತ್ತು.

"ತಪ್ಪನ್ನ ಅವನ ಮೇಲೆ ಹಾಕಿಬಿಡು ಅತ್ತಿಗೆ," ಎಂದೆ ನಾನು.

"ಯಾಕೆ? ಅವನಿಗೇನು ನನ್ನ ಚುಕ್ಕಿ ಲೆಕ್ಕ ಗೊತ್ತಿತ್ತಾ?"

ಅವಳು ನಾಲ್ಕನ್ನೂ ಅಳೆದು, ಹಳೆಯದನ್ನು ಹಳೆಯದರ ಜೊತೆ, ಹೊಸದನ್ನು ಹೊಸದರ ಜೊತೆ ಸೇರಿಸಿದಳು. ಈ ಸಲ ಹಳೆಯ ಜೋಡಿಯ ಬೆನ್ನಿಗೆ ಅರದಿಂದ ಗೀರು ಹಾಕಿದಳು. ಥಿನ್ನರ್ ಅಲ್ಲ, ಅದರಪ್ಪ ಬಂದರೂ ಅಳಿಸದ ಗೀರು.

ಶನಿವಾರ ಬೆಳಿಗ್ಗೆ ಗುಜರಿಯವನು ತಳ್ಳುಗಾಡಿ ತಂದು ನಿಲ್ಲಿಸಿದ. ಅಣ್ಣ ಹಗ್ಗ ಹಿಡಿದು ಒಳಗೆ ಬಂದಾಗ ಅತ್ತಿಗೆಯ ಕಾಲು ಪೆಡಲಿನ ಮೇಲಿತ್ತು.

"ಮೊದಲು ಕೇಳಿ," ಎಂದಳು, ಹೊರಗಿನವನಿಗೂ ಕೇಳಿಸುವ ಹಾಗೆ. "ಬ್ಲೇಡು ಅದಲುಬದಲಾಗಿತ್ತು. ಅಳಿಸಿಹೋಗೋ ಗುರುತು ಹಾಕಿದ್ದು ನಾನು. ಗುರುತಿಲ್ಲದೆ ಬಂದಾಗ ಅಳೆಯದೆ ಕೂರಿಸಿದ್ದೂ ನಾನು. ತಪ್ಪು ನನ್ನದು. ಬೈಯೋದಿದ್ರೆ ನನ್ನನ್ನ ಬೈಯಿರಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬೇಡಿ."

ಆಮೇಲೆ ತುಳಿದಳು. ನಾಲ್ಕು ಪಟ್ಟಿ, ಎಂಟು ಓರೆ. ಅಂಟಿಲ್ಲ, ಮೊಳೆಯಿಲ್ಲ. ಸುತ್ತ ಒಂದು ದಾರ ಬಿಗಿದು ಫ್ರೇಮನ್ನು ಅಣ್ಣನ ಕೈಗೆ ಕೊಟ್ಟಳು. ಅವನು ಕಿಟಕಿಯ ಹತ್ತಿರ ಹೋಗಿ ಒಂದೊಂದೇ ಮೂಲೆ ನೋಡಿದ. ತಿರುಗಿಸಿ ಇನ್ನೊಂದು ಸುತ್ತು ನೋಡಿದ. ಸೋಲೊಪ್ಪಲು ನಮ್ಮಣ್ಣನಿಗೆ ಯಾವಾಗಲೂ ಎರಡು ಸುತ್ತು ಬೇಕು.

"ಬೆಳಕು ಬರ್ತಿಲ್ಲ," ಎಂದ ಕೊನೆಗೆ.

ಬಾಗಿಲಲ್ಲಿದ್ದ ಗುಜರಿಯವನು ತಲೆ ಕೆರೆದುಕೊಂಡ. "ಅಕ್ಕಾ, ಹಾಗಾದ್ರೆ ನಾನು ಖಾಲಿ ಗಾಡಿ ತಳ್ಕೊಂಡು ಹೋಗ್ಲಾ?"

ಅತ್ತಿಗೆ ಮೇಣದ ಡಬ್ಬಿಯನ್ನು ತೆಗೆದು ಅವನ ಕೈಗಿಟ್ಟಳು. "ಅದು ಇನ್ನೂ ತುಂಬಾ ಇದೆಯಲ್ಲೇ" ಎಂದು ಅಣ್ಣ ಬಾಯಿ ತೆರೆದ.

"ತುಂಬಾನೇ ಇರಲಿ. ನಾನು ಈ ಪೆಡಲಿನ ಮೇಲಿರೋ ತನಕ ಅದಕ್ಕೆ ಇಲ್ಲಿ ಕೆಲಸ ಇಲ್ಲ," ಎಂದು ಅವಳು ಸ್ಟುಡಿಯೋದ ಹನ್ನೆರಡು ಫ್ರೇಮುಗಳಿಗೆ ಹೊಸ ಪಟ್ಟಿಯನ್ನು ಎಳೆದುಕೊಂಡಳು.