ಸೊಕ್ಕೆಯ ಗಾದ್ರಪ್ಪ ಕಾರ್ಡು ಚಾಲೂ ಮಾಡಿಕೊಟ್ಟ ಬಗೆ

ಸೊಕ್ಕೆಯ ಗಾದ್ರಪ್ಪನು ಮ್ಯಾಕ್ಸಿಕ್ಯಾಬಿನ ಚಾಲಕನಾಗಿದ್ದ ಕಾಲದಲ್ಲಿ, ಮುಂಜಾನೆ ಚಪ್ಪಲಿಯನ್ನು ಕೆಳಗೆ ಬಿಟ್ಟು, ಸ್ಟೇರಿಂಗನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಆಸನವನ್ನೇರುತ್ತಿದ್ದನು. ಗಾಡಿಯು ಜಗಳೂರಿನ ಶಿವಮೂರ್ತಪ್ಪನದು. ಆದರೆ ಸೊಕ್ಕೆಯಿಂದ ಜಗಳೂರಿನವರೆಗಿನ ಜನರೆಲ್ಲ ಅದನ್ನು ಗಾದ್ರಪ್ಪನ ಗಾಡಿಯೆಂದೇ ಕರೆಯುತ್ತಿದ್ದರು. ಬಾಣಂತಿಯ ಔಷಧ, ಹೊಲಿಯಲು ಕೊಟ್ಟ ರವಿಕೆ, ಬೀಗರಿಗೆ ಹೇಳಿಕಳುಹಿಸಿದ ಮಾತು, ಎಲ್ಲವೂ ಅವನ ಮೂಲಕವೇ ಊರು ಮುಟ್ಟುತ್ತಿದ್ದವು.

ಇಂಥವನನ್ನು ಶಿವಮೂರ್ತಪ್ಪನು ಡೀಸೆಲ್ ಕಳ್ಳನೆಂದು ಕೆಲಸದಿಂದ ತೆಗೆದನು. ತೆಗೆದದ್ದಷ್ಟೇ ಆಗಿದ್ದರೆ ಗಾದ್ರಪ್ಪನು ಸಹಿಸುತ್ತಿದ್ದನೇನೋ. ಮರುದಿನ ಒಡೆಯನು ತಾನೇ ಗಾಡಿ ನಡೆಸಿಕೊಂಡು ಹೊರಟು, ಪ್ರತಿಯೊಂದು ನಿಲುಗಡೆಯಲ್ಲಿಯೂ ಇಳಿದು, “ಟ್ಯಾಂಕಿಗೆ ಪೈಪು ಹಾಕಿ ಹೀರ್ತಿದ್ದ, ಕಳ್ಳ ನನ್ಮಗ” ಎಂದು ಸಾರಿದನು. ಅಂದಿನಿಂದ ಹುಡುಗರ ಬಾಯಲ್ಲಿ ಅವನು ‘ಪೈಪು ಗಾದ್ರಪ್ಪ’ನಾದನು. ಬೇರಾವ ಒಡೆಯನೂ ಅವನನ್ನು ಗಾಡಿಯ ಹತ್ತಿರ ಸೇರಿಸಲಿಲ್ಲ. ಜಗಳೂರಿನ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಚೀಲ ಹೊರುವುದೊಂದೇ ಅವನ ಪಾಲಿಗುಳಿಯಿತು.

ಡೀಸೆಲ್ ಕದ್ದವನು ತನ್ನ ಭಾಮೈದ ವಿನೋದನೆಂಬುದು ಬೇಗನೆ ಶಿವಮೂರ್ತಪ್ಪನಿಗೆ ತಿಳಿಯಿತು. ಅವನಿಗೆ ತಿಳಿದಿದೆಯೆಂಬುದು ಗಾದ್ರಪ್ಪನಿಗೂ ತಿಳಿಯಿತು. ಒಡೆಯನು ಮಾತ್ರ ಬಾಯಿ ತೆರೆಯಲಿಲ್ಲ. ಅಲ್ಲಿಂದ ಮುಂದೆ ಗಾದ್ರಪ್ಪನು ಚೌಡಮ್ಮನ ಗುಡಿಯಲ್ಲಿ ಮಳೆಯನ್ನೂ ಬೇಡಲಿಲ್ಲ, ಬೆಳೆಯನ್ನೂ ಬೇಡಲಿಲ್ಲ. “ಅವ್ವಾ, ಒಂದಿನ ಅವನ್ನ ನನ್ ಕೈಗೆ ಸಿಗಂಗೆ ಮಾಡು” ಎಂಬುದೊಂದೇ ಅವನ ಪ್ರಾರ್ಥನೆಯಾಯಿತು.

ತಾಯಿಯು ಕೇಳಿಸಿಕೊಂಡಳು. ಹಿಂದೆ ಬಂಕಿನವರು ಡೀಸೆಲ್ ಹಾಕಿಸುವವರಿಗೆಲ್ಲ ಬಹುಮಾನದ ಕಾರ್ಡು ಹಂಚಿದಾಗ, “ನಂಗ್ಯಾಕೆ ಆ ರಗಳೆ, ನಿನ್ ಮೊಬೈಲ್ ನಂಬರೇ ಬರಸು” ಎಂದು ಶಿವಮೂರ್ತಪ್ಪನು ಚಾಲಕನಿಗೆ ಹೇಳಿದ್ದನು. ಹೀಗೆ ಕಾರ್ಡು ಒಡೆಯನ ಹೆಸರಿನದು, ಮೊಬೈಲ್ ನಂಬರು ಗಾದ್ರಪ್ಪನದು ಆಯಿತು. ಗಾದ್ರಪ್ಪನು ಹೋದ ಮೇಲೆ ಕಾರ್ಡನ್ನು ಬಳಸುವವರಿಲ್ಲದೆ ಅದು ನಿಂತುಹೋಗಿತ್ತು. ಈಗ ಬಂಕಿನ ಲಕ್ಕಿ ಡ್ರಾದಲ್ಲಿ ಆ ಕಾರ್ಡಿಗೇ ಸ್ಕೂಟರು ಬಂದಿತು. ಅಂದು ಸಂಜೆ ಬಂಕು ಮುಚ್ಚುವುದರೊಳಗೆ ಕಾರ್ಡನ್ನು ಚಾಲೂ ಮಾಡಿಸದಿದ್ದರೆ ಸ್ಕೂಟರು ಬೇರೆಯವರ ಪಾಲು.

ಶಿವಮೂರ್ತಪ್ಪನು ಚೀಲಗಳ ರಾಶಿಯ ನಡುವೆ ಬಂದು ನಿಂತನು.

“ಏನಪ್ಪಾ ಗಾದ್ರಿ, ಹೆಂಗಿದೀಯ? ಬಂಕಿನೋರು ಈಗ ನಿನ್ ಮೊಬೈಲಿಗೆ ಒಂದು ನಂಬರ್ ಕಳಿಸ್ತಾರೆ, ಅಷ್ಟು ಹೇಳ್ಬಿಡಪ್ಪ. ಕಾರ್ಡು ಚಾಲೂ ಆಗ್ತದೆ.”

“ಕಳ್ಳನ ಬಾಯಿಂದ ನಂಬರ್ ಇಸ್ಕಂಡ್ರೆ ಕಾರ್ಡಿಗೆ ಮೈಲಿಗೆ ಆಗಲ್ವೇನ್ರಿ ಸಾವ್ಕಾರ್ರೆ?”

“ಹಳೇದನ್ನ ಯಾಕೆ ತೆಗೀತೀಯ? ನೀನು ಕಳ್ಳ ಅಲ್ಲ ಕಣಪ್ಪ. ಸಾಕಾ?”

“ಈ ಚೀಲಕ್ಕೆ ಕಿವಿ ಐತೇನ್ರಿ? ಎಲ್ಲೆಲ್ಲಿ ಇಳಿದು ಅಂದಿದ್ರೋ ಅಲ್ಲಲ್ಲೇ ಇಳಿದು ಹೇಳ್ರಿ. ಸೊಕ್ಕೆ ಮುಟ್ಟಿದ ಮ್ಯಾಲೆ ನಂಬರ್ ನಿಮ್ದು.”

ಬೈದರೂ ಫಲವಿಲ್ಲವೆಂದು ಅರಿತು ಒಡೆಯನು ಗಾಡಿ ತಂದನು. ಗಾದ್ರಪ್ಪನು ಮೈಮೇಲಿನ ಜೋಳದ ಧೂಳನ್ನೂ ಕೊಡವದೆ ಹಿಂದಿನ ಸೀಟಿನಲ್ಲಿ ಕಾಲಮೇಲೆ ಕಾಲು ಹಾಕಿ ಕುಳಿತನು.

ಮೊದಲು ಜಗಳೂರಿನ ಸ್ಟ್ಯಾಂಡು. ಶಿವಮೂರ್ತಪ್ಪನು ನೆಲ ನೋಡುತ್ತ ಗೊಣಗಿದನು. ಚಹಾದಂಗಡಿಯ ತಿಪ್ಪೇರುದ್ರನು ಸೌಟನ್ನೆತ್ತಿ, “ಒಲೆ ಸದ್ದಿಗೆ ಕೇಳಿಸ್ಲಿಲ್ಲ ರೀ! ಅವತ್ತು ಧ್ವನಿ ದೊಡ್ದಿತ್ತಲ್ರಿ?” ಎಂದನು. ಜನರು ನಕ್ಕರು. ಒಡೆಯನು ಕೂಗಿ ಹೇಳಬೇಕಾಯಿತು.

ಹಾಲಿನ ಡೇರಿಯ ನಿಲುಗಡೆಯಲ್ಲಿ ಒಬ್ಬರೂ ಇರಲಿಲ್ಲ. “ಜನ ಬರ್ಲಿ ತಡೀರಿ, ಹಾಲು ಹಾಕೋ ಹೊತ್ತು” ಎಂದು ಗಾದ್ರಪ್ಪನು ಕಲ್ಲಿನ ಮೇಲೆ ಕುಳಿತನು. ಸೂರ್ಯನು ಇಳಿಯುತ್ತಿದ್ದನು. ಒಡೆಯನು ಕೈಗಡಿಯಾರವನ್ನು ನೋಡಿಕೊಂಡಷ್ಟೂ ಗಾದ್ರಪ್ಪನಿಗೆ ಕಬ್ಬು ಅಗಿದಂಥ ಸುಖವಾಗುತ್ತಿತ್ತು. ಕ್ಷಮೆಯೇ ಹಿರಿದೆಂದು ಬಲ್ಲವರು ಹೇಳುತ್ತಾರೆ. ಆದರೆ ಮಾನವನ್ನು ಕಸಿದುಕೊಂಡವನೇ ಎದುರಿಗೆ ನಿಂತು ಬೆವರುವಾಗ, ಆ ಬೆವರನ್ನು ನೋಡದೆ ಕಣ್ಣು ಮುಚ್ಚಿಕೊಳ್ಳೆಂದು ಹೇಳಲು ನನಗೂ ಬಾಯಿ ಬರುವುದಿಲ್ಲ.

ಹಾಲಿನವರು ಬಂದ ಮೇಲೆ ಅವರೆದುರಿಗೂ ಹೇಳಿಸಿಯೇ ಎದ್ದನು. ಕೊನೆಗೆ ಸೊಕ್ಕೆ. ಗಾದ್ರಪ್ಪನ ಹೆಂಡತಿ ಚೌಡಕ್ಕನೂ ಅವಳ ತಾಯಿ ಹನುಮಂತಮ್ಮನೂ ಊರ ಜನರೊಡನೆ ಗುಡಿಯ ಕಟ್ಟೆಯ ಬಳಿಯಲ್ಲಿದ್ದರು. ಶಿವಮೂರ್ತಪ್ಪನು, “ಗಾದ್ರಪ್ಪ ಕಳ್ಳ ಅಲ್ಲ, ನಂದೇ ತಪ್ಪಾತು” ಎಂದು ಒಂದೇ ಉಸಿರಿನಲ್ಲಿ ಹೇಳಿ ಬಂಕಿಗೆ ಫೋನು ಮಾಡಿದನು. ಗಾದ್ರಪ್ಪನ ಮೊಬೈಲು ಕಿಣಿಕಿಣಿಸಿತು. ನಂಬರು ಬಂದಿತ್ತು.

ಹನುಮಂತಮ್ಮನು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: “ಅಲ್ರೀ, ನಮ್ ಅಳಿಯ ಅಲ್ಲಾಂದ್ರೆ ಮತ್ತೆ ಹೀರಿದೋನು ಯಾರು? ಗಾಡಿನೇ ಕುಡೀತೇನು?”

“ಅದೊಂದು ಬ್ಯಾಡ ಬಿಡಮ್ಮ.”

“ಹೇಳ್ರಿ,” ಎಂದನು ಗಾದ್ರಪ್ಪ. “ಅದನ್ನ ಹೇಳ್ದೆ ಇದ್ರೆ ನಾಳೆ ಮತ್ತೆ ನಾನೇ ಪೈಪು.” ಎಂದವನೇ ಮೊಬೈಲನ್ನು ಅಂಗೈಯಲ್ಲಿ ಮುಚ್ಚಿಕೊಂಡನು.

ಫೋನಿನ ಆ ಕಡೆಯಿಂದ ಬಂಕಿನವನು, “ಬೇಗ ಹೇಳ್ರಿ, ಬಾಗ್ಲು ಹಾಕ್ಬೇಕು” ಎನ್ನುತ್ತಿದ್ದನು. ಶಿವಮೂರ್ತಪ್ಪನು ಒಮ್ಮೆ ಜನರನ್ನು, ಒಮ್ಮೆ ಮುಚ್ಚಿದ ಅಂಗೈಯನ್ನು ನೋಡಿದನು.

“ವಿನೋದ. ನಮ್ ಭಾಮೈದ.”

ಗಾದ್ರಪ್ಪನು ಅಂಗೈ ತೆರೆದು ನಂಬರನ್ನು ಸ್ಪಷ್ಟವಾಗಿ, ಒಂದೊಂದೇ ಅಂಕಿಯಾಗಿ ಓದಿದನು. ಕಾರ್ಡು ಚಾಲೂ ಆಯಿತು. ಒಡೆಯನು ಹಗುರಾದ ಮುಖದಿಂದ ಹೇಳಿದನು: “ಆಗಿದ್ದಾತು, ನಾಳೆಯಿಂದ ಗಾಡಿಗೆ ಬಾ.”

“ನಿಮ್ ಭಾಮೈದನ್ನೇ ಕೂರಿಸ್ಕಳ್ರಿ. ಪೈಪು ಅವ್ನ ಹತ್ರನೇ ಐತೆ.”

ವಿನೋದನ ಹೆಸರು ಮ್ಯಾಕ್ಸಿಕ್ಯಾಬಿಗಿಂತ ಮುಂಚೆಯೇ ಜಗಳೂರನ್ನು ಮುಟ್ಟಿತ್ತು. ಶಿವಮೂರ್ತಪ್ಪನ ಹೆಂಡತಿ ಅರುಣಾ, ತಮ್ಮನ ಮಾನವನ್ನು ಬೀದಿಯಲ್ಲಿ ಕಳೆದ ಗಂಡನಿಗೆ ಅಂದು ಬಾಗಿಲು ತೆರೆಯಲಿಲ್ಲವೆಂದು ನೆರೆಯವರು ಹೇಳುತ್ತಾರೆ. ಸ್ಕೂಟರು ಬಂದಿತು, ಆದರೆ ಕಂಡವರೆಲ್ಲ ಪೈಪಿನ ಮಾತನ್ನೆತ್ತುವರೆಂದು ಅದನ್ನು ಹತ್ತುವವರು ಆ ಮನೆಯಲ್ಲಿ ಯಾರೂ ಇಲ್ಲ.

ಗಾದ್ರಪ್ಪನು ಈಗ ಅದೇ ದಾರಿಯಲ್ಲಿ ಮತ್ತೊಬ್ಬ ಒಡೆಯನ ಗಾಡಿಯನ್ನು ನಡೆಸುತ್ತಾನೆ. ಬಹಳ ಸೌಮ್ಯವಾದ ಚಾಲಕ. ಎಮ್ಮೆ ಅಡ್ಡ ಬಂದರೂ ಹಾರ್ನ್ ಒತ್ತದೆ ಕಾಯುತ್ತಾನೆ. ಶಿವಮೂರ್ತಪ್ಪನ ಮನೆಯ ಮುಂದೆ ಮಾತ್ರ, ದಾರಿ ಬರಿದಾಗಿದ್ದರೂ, ಆ ಓಣಿ ದಾಟುವವರೆಗೆ ಹಾರ್ನಿನಿಂದ ಬೆರಳನ್ನು ತೆಗೆಯುವುದಿಲ್ಲ.