ಅವ್ವನ ಮೇಲೆ ಬಳಿದ ಬಣ್ಣ

ನನ್ನ ಅಕ್ಷರವನ್ನು ಯಾರಾದರೂ ಹೊಗಳಿದರೆ ಈಗ ನನಗೆ ಮೈ ಉರಿಯುತ್ತದೆ. ಗಾಡಿಗಳ ಹಿಂದೆ ಬರೆಯುವುದೇ ನನ್ನ ಕಸುಬು. ಮಹಾರಾಷ್ಟ್ರದ ಗಡಿಯೂರು ಜತ್ತದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ, ಟಯರ್ ಅಂಗಡಿಗಳ ಸಾಲಿನಲ್ಲಿ ತಗಡಿನ ಶೆಡ್ಡು ನನ್ನದು. ಓದಿದ್ದು ಮರಾಠಿ ಸಾಲೆಯಲ್ಲಿ. ಕನ್ನಡದ ಅಕ್ಷರಗಳನ್ನು ಅಂಗಡಿ ಬೋರ್ಡು ನೋಡಿ ನಾನೇ ಕಲಿತದ್ದು, ಹಾಗಾಗಿ ಕೈ ಆಗಾಗ ಎಡವುತ್ತದೆ.

ಸೊರಡಿ ಕಡೆಯವನೊಬ್ಬ ಹೊಸ ಪಿಕಪ್ ತಂದಾಗಲೂ ಎಡವಿದ್ದೆ. ಹಿಂಬಾಗಿಲ ಮೇಲೆ 'ಅವ್ವನ ಆಶೀರ್ವಾದ' ಎಂದು ಬರೆಯಬೇಕಿತ್ತು. ಹರಟುತ್ತ ಬರೆದವನು 'ಅವ್ವ'ದೊಳಗೆ ಕನ್ನಡದ ವ ಬದಲು ಮರಾಠಿಯ व ಕೂರಿಸಿ, ಕೆಳಗೆ ಕನ್ನಡದ ಒತ್ತು ಕೊಟ್ಟುಬಿಟ್ಟೆ. ಅಳಿಸಲು ಹೋದರೆ ಅವನೇ ಬಿಡಲಿಲ್ಲ.

"ಇರ್ಲಿ ಬಿಡ್ರಿ. ನಮ್ಮವ್ವ ಮನ್ಯಾಗ ಕನ್ನಡಾ ಮಾತಾಡ್ತಾಳ, ಸಂತ್ಯಾಗ ಮರಾಠಿ. ಅಕಿಗಿ ಇದ ಸರಿ" ಎಂದು ನಕ್ಕ.

ಮರುವರ್ಷ ದಾಳಿಂಬೆ ಹಂಗಾಮಿನಲ್ಲಿ ಅವನು ಕಾಣೆಯಾದ. ಕುಣಿಕೋಣೂರ ಕಡೆಯಿಂದ ಹಣ್ಣಿನ ಲೋಡು ತರಬೇಕೆಂದು ಯಾರೋ ಬಾಡಿಗೆಗೆ ಕರೆದೊಯ್ದರಂತೆ. ಆಮೇಲೆ ಗಾಡಿಯೂ ಇಲ್ಲ, ಅವನೂ ಇಲ್ಲ. ಎರಡನೇ ದಿನ ಅವನ ತಾಯಿ ಫೋಟೊ ಹಿಡಿದುಕೊಂಡು ಡ್ರೈವರುಗಳನ್ನೆಲ್ಲ ಕೇಳುತ್ತ ನನ್ನ ಶೆಡ್ಡಿಗೂ ಬಂದಳು. "ಗಾಡಿ ಕಂಡ್ರ ಹೇಳ್ರಿ" ಎಂದಳು. "ಹೇಳ್ತೀನ್ರಿ" ಎಂದೆ.

ಮರುದಿನ ಮಧ್ಯಾಹ್ನ ಆ ಗಾಡಿಯೇ ನನ್ನ ಮುಂದೆ ಬಂದು ನಿಂತಿತು. ನಂಬರ್ ಪ್ಲೇಟು ಬೇರೆ, ಇಳಿದವನೂ ಬೇರೆ. ಹಿಂಬಾಗಿಲಿಗೆ ಯಾರೋ ಕಾಟಾಚಾರಕ್ಕೆ ತೆಳ್ಳಗೆ ಬಣ್ಣ ಹಚ್ಚಿದ್ದರು. ಅದರ ಅಡಿಯಿಂದ ನನ್ನ ತಪ್ಪು ಅಕ್ಷರ ಎದ್ದು ಕಾಣುತ್ತಿತ್ತು.

"ಇದನ್ನ ಲಗೂನ ಮುಚ್ಚಿಬಿಡ್ರಿ. ಮ್ಯಾಲ 'ದೇವರ ದಯೆ' ಅಂತ ಬರೀರಿ" ಎಂದ ಅವನು.

ನನಗೆ ಗುರುತು ಸಿಕ್ಕಿತು. ಸಿಗಲಿಲ್ಲ ಎಂದು ಇಲ್ಲಿ ಬರೆದರೆ ನನ್ನಂಥ ಸುಳ್ಳ ಇನ್ನೊಬ್ಬನಿಲ್ಲ. ಗಾಡಿ ಮಾರಿರಬಹುದು, ಇಲ್ಲದ ಉಸಾಬರಿ ನನಗ್ಯಾಕೆ, ಪೊಲೀಸರು, ಕೋರ್ಟು ಎಂದು ಅಲೆಯುವವರು ಯಾರು ಎಂದು ನನಗೆ ನಾನೇ ಹೇಳಿಕೊಂಡು ಎರಡು ಕೋಟು ಬಣ್ಣ ಬಳಿದೆ. ಒಣಗಿದ ಮೇಲೆ 'ದೇವರ ದಯೆ' ಎಂದು ದುಂಡಗೆ ಬರೆದೆ. ಮೂಲೆಯಲ್ಲಿ ಸಣ್ಣದಾಗಿ ಶೆಡ್ಡಿನ ಹೆಸರು, ಫೋನ್ ನಂಬರು ಹಾಕುವ ಚಾಳಿ ನನ್ನದು. ಅವತ್ತೂ ಹಾಕಿದೆ. "ಅಕ್ಷರ ಭಾಳ ಚಲೋ ಅದಾವ್ರಿ" ಎಂದ ಅವನು. ನಾನು ಹಲ್ಲು ಕಿರಿದೆ!

ಎಂಟು ದಿನದ ಮೇಲೆ ಕುರಿ ಕಾಯುವವರಿಗೆ ಪಾಳುಬಾವಿಯೊಂದರಲ್ಲಿ ಆ ಸೊರಡಿಯವನ ಹೆಣ ಕಂಡಿತು. ಒಂದು ಪಿಕಪ್ಪಿಗಾಗಿ ತಲೆ ಒಡೆದು ಕೆಡವಿದ್ದ. ಕೊಂದ ಕೈಯಲ್ಲೇ ಸ್ಟೇರಿಂಗ್ ಹಿಡಿದು ಬಂದು ದೇವರ ಹೆಸರು ಬರೆಸಿಕೊಂಡು ಹೋಗಿದ್ದ. ಥೂ!

ವಿಜಯಪುರದ ಕಡೆ ಪೊಲೀಸರು ಅನುಮಾನದ ಮೇಲೆ ಆ ಗಾಡಿ ಹಿಡಿದರು. ಇಂಜಿನ್ ನಂಬರು, ಚಾಸಿ ನಂಬರು ಎರಡನ್ನೂ ಅವನು ಉಜ್ಜಿ ಅಳಿಸಿದ್ದ. ಗಾಡಿ ವರ್ಷದಿಂದ ತನ್ನ ಹತ್ತಿರವೇ ಇದೆ ಎಂದು 'ದೇವರ ದಯೆ' ಬರೆಸಿದವನ ವಾದ. ಮೂಲೆಯಲ್ಲಿದ್ದ ಫೋನ್ ನಂಬರು ಹಿಡಿದು ಪೊಲೀಸರು ನನ್ನಲ್ಲಿಗೆ ಬಂದರು. ಆಗ ಬಾಯಿ ಬಿಟ್ಟೆ. ಪಂಚರ ಮುಂದೆ ಬಣ್ಣ ಕೆರೆದರೆ ಅಡಿಯಲ್ಲಿ ನನ್ನ व ಹಾಗೇ ಇತ್ತು.

ಕೋರ್ಟಿನಲ್ಲಿ ಸರಕಾರಿ ವಕೀಲರು ನನ್ನನ್ನು ಬದಿಗೆ ಕರೆದರು. "ಕೊಂದದ್ದು ಕಣ್ಲೆ ಕಂಡವ್ರು ಯಾರೂ ಇಲ್ರಿ. ಸತ್ತವನೂ ಇವನೂ ಕೂಡಿ ಹೋದದ್ದು ಚಾದಂಗಡಿಯವ ನೋಡ್ಯಾನ. ಗಾಡಿ ಸತ್ತವಂದ, ಮೂರನೇ ದಿನಕ್ಕ ಇವನ ಕೈಯಾಗಿತ್ತು, ಇದನ್ನ ನೀವ ಹೇಳಬೇಕು. ನೀವು ಜಾರಿದ್ರ ಕೇಸ್ ಜಾರ್ತದ."

ಎದುರು ವಕೀಲ ಮರಾಠಿಯಲ್ಲಿ ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿದ: ಅವತ್ತೇ ಗುರುತು ಸಿಕ್ಕಿತ್ತೇ? ಸಿಕ್ಕಿದ್ದರೆ ಬಣ್ಣ ಯಾಕೆ ಬಳಿದೆ? ಸಿಗಲಿಲ್ಲವೆಂದರೆ ನಾನು ಮರ್ಯಾದಸ್ಥನಾಗಿ ಉಳಿಯುತ್ತಿದ್ದೆ, ಆದರೆ ಅವತ್ತು ಬಂದದ್ದು ಅದೇ ಗಾಡಿ ಎಂಬ ಮಾತು ಬಿದ್ದು ಕೊಂದವನೂ ಉಳಿಯುತ್ತಿದ್ದ. ಹಿಂದಿನ ಬೆಂಚಿನಲ್ಲಿ ಸತ್ತವನ ತಾಯಿ ಕೂತಿದ್ದಳು.

"ಸಿಕ್ಕಿತ್ತು. ಅಂಜಿ ಸುಮ್ಮನಿದ್ದೆ" ಎಂದೆ.

ಮುಂದೆ ಕೊಂದವನಿಗೆ ಶಿಕ್ಷೆಯಾಯಿತು. ಜನ ಶೆಡ್ಡಿಗೆ ಬಂದು ಬೆನ್ನು ತಟ್ಟಿದರು. ಒಬ್ಬನಂತೂ ತನ್ನ ಟ್ರ್ಯಾಕ್ಟರಿಗೂ ಅದೇ ತಪ್ಪು ಅಕ್ಷರ ಬರೆದುಕೊಡು ಎಂದ. ಬ್ರಷ್ಷು ಅವನ ಮೋರೆಗೆ ಒಗೆಯುವುದೊಂದು ಬಾಕಿ. ಇವರಿಗೆಲ್ಲ ಸಾಕ್ಷಿ ಹೇಳಿದ ದಿನ ಕೋರ್ಟಿನ ಹೊರಗೆ ನಡೆದದ್ದು ಗೊತ್ತಿಲ್ಲ, ನಾನೂ ಹೇಳಿಲ್ಲ.

ಅವತ್ತು ಆ ತಾಯಿ ಮೆಟ್ಟಿಲ ಹತ್ತಿರ ನನಗಾಗಿ ಕಾಯುತ್ತಿದ್ದಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ.

"ನಾ ಬಂದು ಹ್ವಾದ ಮರುದಿನಾನ ಗೊತ್ತಾಗಿತ್ತೇನ್ರಿ ನಿಮಗ?"

ಹೌದೆಂದು ಗೋಣು ಹಾಕಿದೆ.

"ಅವತ್ತ ಹೇಳಿದ್ರ ಮಗನ ಮಾರಿ ಆದ್ರೂ ನೋಡ್ತಿದ್ನಿ" ಎಂದಳು. "ಬಾವ್ಯಾಗಿಂದ ತಗದ ಮ್ಯಾಲ, ಗುರ್ತ ಉಳದಿಲ್ಲಂತ, ನನಗ ಬರೇ ಅಂಗಿ ತೋರ್ಸಿದ್ರು."