ಕರಡಿಗೆ ಯಾವ ಪಂಕ್ತಿ?

ಕಳೆದ ಭಾನುವಾರ ನಾನು ಹೊಸಪೇಟೆಯಲ್ಲಿ ಸಿಂಹಕ್ಕೆ ಜಾಗ ಕೊಟ್ಟೆ. ನಂಬುವುದಿಲ್ಲವೇ? ಅಕ್ಕಿ ಗಿರಣಿಯ ಅಂಗಳದಲ್ಲಿ, ಸುಣ್ಣದ ಪುಡಿಯಿಂದ ಎಳೆದ ಗೆರೆಗಳ ನಡುವೆ, ಈ ಕೈಯಿಂದಲೇ ಒಂದು ತೆಂಗಿನಕಾಯಿ ಇಟ್ಟೆ. ಅದೇ ಸಿಂಹ.

ನಮ್ಮ ಊರಿಗೆ ಮೃಗಾಲಯ ಬರುತ್ತಿದೆ, ಓದುಗರೇ. ಮದರಾಸಿಗೆ ಹೋಗಿ ಹುಲಿ ನೋಡಿ ಬಂದವರು ನಮ್ಮೆದುರು ಜಂಬ ಕೊಚ್ಚಿದ್ದು ಸಾಕು. ಇನ್ನು ಮದರಾಸಿನವರೇ ರೈಲು ಹತ್ತಿ ಇಲ್ಲಿಗೆ ಬರಲಿ. ಕಾಲುವೆ ಪಕ್ಕದ ಜಾಗ ಸಿಕ್ಕಿದೆ. ಕಮಿಟಿಯೂ ಆಗಿದೆ, ಅದರಲ್ಲಿ ನಾನೂ ಇದ್ದೇನೆ. (ಯಾವ ಅರ್ಹತೆಯ ಮೇಲೆ ಎಂದು ಕೇಳಬೇಡಿ. ಮನೆಯಲ್ಲಿ ಒಂದು ಗಿಳಿ ಇದೆ.) ಖುಷಿಗೆ ನನಗೆ ಊಟವೇ ಸೇರುತ್ತಿಲ್ಲ.

ಗಿರಣಿಯ ಯಜಮಾನ ವಿರೂಪಣ್ಣನೇ ನಮ್ಮ ಚೇರ್ಮನ್. ಕಾಗದದ ಪ್ಲಾನು ಯಾರಿಗೂ ಅರ್ಥವಾಗದ್ದರಿಂದ ನೆಲದ ಮೇಲೇ ಮೃಗಾಲಯ ಬರೆಸಿದ್ದ. ಆನೆಗೆ ಕುಂಬಳಕಾಯಿ ಇಟ್ಟೆವು. ಜಿಂಕೆಗೆ ಬದನೆಕಾಯಿ. ಹುಲಿ ಎಲ್ಲಿ, ನವಿಲು ಎಲ್ಲಿ ಎಂದು ದೊಡ್ಡ ದೊಡ್ಡ ಮನುಷ್ಯರೆಲ್ಲ ಧೋತರ ಎತ್ತಿ ಕಟ್ಟಿ ಓಡಾಡುತ್ತಿದ್ದರು.

ಆಗ ಜವಳಿ ಅಂಗಡಿಯ ಸಂಗಪ್ಪನವರು ಎದ್ದು ನಿಂತರು. "ಕಾಲುವಿ ನೀರು ಯಾರ ಕಡಿಂದ ಯಾರ ಕಡಿಗೆ ಹೋಗತೈತಿ? ಹುಲಿ ಬಾಯಿ ಹಾಕಿದ ನೀರು ಜಿಂಕಿ ಕುಡೀಬೇಕೇನ್ರಿ?"

ಎಂಥ ಪಾಯಿಂಟ್ ನೋಡಿ. ಎಲ್ಲರೂ ತಲೆದೂಗಿದೆವು. ಕೂಡಲೇ ಕಾಯಿಗಳೆಲ್ಲ ಜಾಗ ಬದಲಿಸಿದವು. ನೀರು ಬರುವ ಮೇಲ್ಗಡೆ ಸೊಪ್ಪು ತಿನ್ನುವವರು, ನೀರು ಹರಿದು ಹೋಗುವ ಕೆಳಗಡೆ ಮಾಂಸ ತಿನ್ನುವವರು. ಮದುವೆ ಊಟಕ್ಕೆ ಪಂಕ್ತಿ ಹಾಕಿದ ಹಾಗೆ. ಲಂಡನ್ನಿನವರಿಗಾದರೂ ಇದು ಹೊಳೆದಿತ್ತೇ?

ಅಷ್ಟರಲ್ಲಿ ವಿರೂಪಣ್ಣನ ಅಕ್ಕ ಗೌರಮ್ಮ ಕಮಲಾಪುರದಿಂದ ಗಾಡಿಯಲ್ಲಿ ಬಂದಿಳಿದರು. ಅಂಗಳವನ್ನೆಲ್ಲ ಒಂದು ಸುತ್ತು ನೋಡಿ ತಮ್ಮನನ್ನು ಕೇಳಿದರು: "ಇದರಾಗ ನಮ್ಮ ಕಾಳ ಎಲ್ಲದಾನಲೇ?"

ನಾವು ಮುಖ ಮುಖ ನೋಡಿಕೊಂಡೆವು. ಕಾಳ ಎಂದರೆ ಕರಡಿ. ಕಬ್ಬಿನ ಗದ್ದೆಯಲ್ಲಿ ಸಿಕ್ಕ ತಬ್ಬಲಿ ಮರಿಯನ್ನು ಗೌರಮ್ಮ ಅಂಬಲಿ ಕುಡಿಸಿ ಸಾಕಿದ್ದಾರೆ. ಈಗ ಅದು ಎದ್ದು ನಿಂತರೆ ಆಳೆತ್ತರ. ಮೊನ್ನೆ ಸರಪಳಿ ಕಿತ್ತುಕೊಂಡು ಪಕ್ಕದ ಮನೆಗೆ ನುಗ್ಗಿ ಬೆಲ್ಲದ ಗಡಿಗೆ ಒಡೆದಿದೆ. ಯುಗಾದಿಯೊಳಗೆ ಅದನ್ನು ಸಾಗಿಸದಿದ್ದರೆ ಬಂದೂಕಿನವನನ್ನು ಕರೆಸುತ್ತೇವೆ ಎಂದು ಓಣಿಯವರು ಹೇಳಿಬಿಟ್ಟಿದ್ದಾರೆ. ನಮ್ಮ ಕೈಯಲ್ಲಿರುವ ಪ್ರಾಣಿ ಅದೊಂದೇ. ಕಾಣದ ಸಿಂಹಕ್ಕೆ ಜಾಗ ಕೊಟ್ಟ ಸಂಭ್ರಮದಲ್ಲಿ ಅದನ್ನೇ ಮರೆತಿದ್ದೆವು.

ಮೇಲ್ಗಡೆ ಇಡೋಣ ಎಂದೆ. ಸಂಗಪ್ಪನವರು ಒಪ್ಪಲಿಲ್ಲ. "ಕರಡಿ ಗೆದ್ದಲ ತಿಂತೈತ್ರಿ. ಗೆದ್ದಲಕ್ಕೂ ಜೀವ ಐತಿ."

"ಹಂಗಾರ ಕೆಳಗ ಇಡೋಣು," ಎಂದ ವಿರೂಪಣ್ಣ.

"ಹುಲಿ ಮಗ್ಗಲಕ? ಬಾಳಿಹಣ್ಣು ತಿಂದು ಬೆಳದ ಕೂಸಲೇ ಅದು." ಗೌರಮ್ಮ ತಮ್ಮನ ಮೇಲೆ ರೇಗಿದರು.

ಚರ್ಚೆಯೋ ಚರ್ಚೆ. ಜೇನು ಯಾವ ಆಹಾರ? ಗೆದ್ದಲು ತಿಂದದ್ದಕ್ಕೆ ಪ್ರಾಯಶ್ಚಿತ್ತ ಉಂಟೇ? (ನಗಬೇಡಿ, ಎರಡನೆಯದನ್ನು ಕೇಳಿದ್ದು ನಾನೇ.) ಕೊನೆಗೆ ವಿರೂಪಣ್ಣ, "ಮುಂದಿನ ಮೀಟಿಂಗಿನಾಗ ನೋಡೋಣು ಬಿಡಕ್ಕ," ಎಂದ. ಮುಂದಿನ ಮೀಟಿಂಗ್ ಇರುವುದು ಯುಗಾದಿ ಕಳೆದ ಮೇಲೆ.

ಗೌರಮ್ಮ ಸೀದಾ ಅಂಗಳದ ನಡುವಿಗೆ ನಡೆದರು. ಕಾಲುವೆ ಪಕ್ಕದ ಜಾಗದಲ್ಲಿ ದೊಡ್ಡ ಬೇವಿನ ಮರವೊಂದಿದೆ. ಅದರ ನೆರಳಿನಲ್ಲಿ ಕಮಿಟಿಯವರು ಕೂತು ಚಹಾ ಕುಡಿಯಲು ಒಂದು ಮಂಟಪ ಎಂದು ಗೊತ್ತುಮಾಡಿ, ಅಂಗಳದ ಗೆರೆಗಳ ನಡುವೆ ಅದರ ಗುರುತಿಗೆ ತಾಮ್ರದ ತಂಬಿಗೆ ಇಟ್ಟಿದ್ದೆವು. ಅವರು ತಂಬಿಗೆಯನ್ನು ಎತ್ತಿ ಪಕ್ಕಕ್ಕಿಟ್ಟು, ಅಲ್ಲಿ ಒಂದು ಬೆಲ್ಲದ ಅಚ್ಚು ಇಟ್ಟರು.

"ಕಾಳ ಇಲ್ಲಿರ್ತಾನ. ಅಂವ ಏನು ತಿಂದ್ರೂ ನಾಕು ಮಂದಿ ಎದುರಿಗೆ ತಿಂತಾನ. ಯಾಪಾರ ಅಂತ ಬಳ್ಳಾರಿಗೆ ಹೋದಾಗ ನೀವೆಲ್ಲಾ ಏನು ತಿಂದು ಬರ್ತೀರಿ ಅಂತ ಯಾರರ ಕೇಳ್ಯಾರೇನು?"

ಸಂಗಪ್ಪನವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಉಳಿದವರು ನೆಲ ನೋಡುತ್ತಿದ್ದರು. (ನಾನು ಕುಂಬಳಕಾಯಿ ನೋಡುತ್ತಿದ್ದೆ.)

ಮರುದಿನವೇ ಬೇವಿನ ಮರದ ಸುತ್ತ ಬೇಲಿಯ ಕೆಲಸ ಶುರುವಾಯಿತು. ನಾನೂ ಹೋಗಿ ಗೂಟ ಬಡಿದು ಬಂದೆ. ಅಂಗೈಯಲ್ಲಿ ಬೊಬ್ಬೆ ಎದ್ದಿದೆ, ಮನಸ್ಸು ಮಾತ್ರ ಕುಣಿಯುತ್ತಿದೆ. ಯುಗಾದಿಗೆ ಮುಂಚೆಯೇ ಕಾಳ ಬರುತ್ತಾನೆ. ನೀವೂ ಬನ್ನಿ, ಬರಿಗೈಯಲ್ಲಿ ಬರಬೇಡಿ.

ಮಂಟಪಕ್ಕೆ ಮಾತ್ರ ಇನ್ನೂ ಜಾಗ ಗೊತ್ತಾಗಿಲ್ಲ. ನೀವೇ ಹೇಳಿ, ಕಮಿಟಿಯವರನ್ನು ಕಾಲುವೆಯ ಮೇಲ್ಗಡೆ ಕೂರಿಸಬೇಕೋ, ಕೆಳಗಡೆಯೋ?